ಹದ ಮಳೆಗೆ ಕಾಯುವ ತತ್ತಿ

ಹಾವೇರಿ ಸೀಮೆಯ ರೈತರು ಕ್ಯಾಲೆಂಡರಿನ ತಿಂಗಳಿಗಿಂತ ಮಳೆ ನಕ್ಷತ್ರವನ್ನೇ ಹೆಚ್ಚು ಲೆಕ್ಕಕ್ಕೆ ಹಿಡಿಯುತ್ತಾರೆ. ಕೃತ್ತಿಕಾ ಹನಿಯಿತೋ ಇಲ್ಲವೋ, ರೋಹಿಣಿಗೆ ಹದ ಆಯಿತೋ ಇಲ್ಲವೋ, ಮೃಗಶಿರಾ ಕೈಕೊಟ್ಟರೆ ಗೋವಿನಜೋಳದ ಗತಿಯೇನು? ಮೇ ಮುಗಿಯುವ ಹೊತ್ತಿಗೆ ಚಹಾದಂಗಡಿಯ ಮಾತೆಲ್ಲ ಇಷ್ಟರ ಸುತ್ತಲೇ. ಅದೇ ಹೊತ್ತಿಗೆ ಹೊಲದ ಬೇಲಿಗೂಟದ ಮೇಲೆ ಕುಳಿತ ಓತಿಕ್ಯಾತವೂ ಮಳೆಯ ಲೆಕ್ಕದಲ್ಲೇ ಇರುತ್ತದೆ. ಗಂಡಿನ ತಲೆ, ಗಂಟಲು ಕೆಂಪೇರಿ, ಗಂಟಲ ಪಕ್ಕದಲ್ಲಿ ಕಪ್ಪು ಮಚ್ಚೆ ಮೂಡುತ್ತದೆ. ಮುಂಗಾಲೂರಿ ಮೈ ಎತ್ತಿ ಇಳಿಸಿ ತಲೆಯಾಡಿಸುವುದು ಶುರುವಾಗುತ್ತದೆ. ಧಾರವಾಡ ಸುತ್ತಿನ ಓತಿಕ್ಯಾತಗಳ ಸಂತಾನಕಾಲ ಮೇ ತಿಂಗಳಿಂದ ಅಕ್ಟೋಬರ್‌ವರೆಗೆ ಎಂದು ಕರ್ನಾಟಕ ವಿಶ್ವವಿದ್ಯಾಲಯದ ಪ್ರಾಣಿಶಾಸ್ತ್ರ ವಿಭಾಗದವರು ಬಹಳ ಹಿಂದೆಯೇ ಗುರುತಿಸಿದ್ದಾರೆ. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಕೃತ್ತಿಕಾದಿಂದ ಚಿತ್ತಾವರೆಗೆ. ಮುಂಗಾರಿ ಹಂಗಾಮು ಶುರುವಾದಾಗ ಶುರು, ಹಿಂಗಾರಿ ಬಿತ್ತನೆ ಮುಗಿಯುವಾಗ ಮುಕ್ತಾಯ.

‘ಓತಿಕ್ಯಾತಕ್ಕೆ ಬೇಲಿಗೂಟ ಸಾಕ್ಷಿ’ ಎಂದು ಗಾದೆ ಮಾಡಿ ಅದನ್ನು ಕಳ್ಳರ ಪಟ್ಟಿಗೆ ಸೇರಿಸಿದವರು ನಾವು. ತಲೆಯಾಡಿಸಿ ಅಣಕಿಸುತ್ತದೆ ಎಂದು ಕಲ್ಲು ಹೊಡೆಯುವ ಹುಡುಗರಿಗೂ ಊರಲ್ಲಿ ಬರವಿಲ್ಲ. ಆದರೆ ಉಷ್ಣವಲಯದ ಹಲ್ಲಿ ಜಾತಿಯ ಪ್ರಾಣಿಗಳು ಹವಾಮಾನಕ್ಕೆ ತಕ್ಕಂತೆ ಹೇಗೆ ಸಂಸಾರ ನಡೆಸುತ್ತವೆ ಎಂಬ ಪ್ರಶ್ನೆಗೆ ಜಗತ್ತಿಗೆ ಸಿಕ್ಕ ಒಳ್ಳೆಯ ಉತ್ತರಗಳಲ್ಲಿ ಕೆಲವು ಬಂದದ್ದು ಇದೇ ಬೇಲಿಯ ಪ್ರಾಣಿಯಿಂದ, ಇಲ್ಲೇ ಪಕ್ಕದ ಧಾರವಾಡದಿಂದ. ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು 1997ರವರೆಗೆ ಧಾರವಾಡ ಜಿಲ್ಲೆಯ ತಾಲ್ಲೂಕುಗಳೇ ಆಗಿದ್ದವು. ಜಿಲ್ಲೆ ಬೇರೆಯಾದರೂ ಓತಿಕ್ಯಾತ ಅದೇ.

ಶೀತ ದೇಶಗಳಲ್ಲಿ ಹಲ್ಲಿಗಳ ಸಂಸಾರವನ್ನು ಆಳುವುದು ಬಿಸಿಲು. ವರ್ಷಕ್ಕೆ ಮೂರು ನಾಲ್ಕು ತಿಂಗಳು ಮಾತ್ರ ಮೈ ಬೆಚ್ಚಗಾಗುತ್ತದೆ, ಅಷ್ಟರೊಳಗೆ ಕೂಡಿ, ತತ್ತಿಯಿಟ್ಟು, ಮರಿಗಳು ಚಳಿಗಾಲಕ್ಕೆ ಸಿದ್ಧವಾಗಬೇಕು. ಹಾಗಾಗಿ ಅಲ್ಲಿ ಬಹುತೇಕ ಹಲ್ಲಿಗಳು ವರ್ಷಕ್ಕೊಮ್ಮೆ, ಇಡುವುದನ್ನೆಲ್ಲ ಒಂದೇ ಸಲಕ್ಕೆ ಇಟ್ಟು ಮುಗಿಸುತ್ತವೆ. ನಮ್ಮಲ್ಲಿ ಬಿಸಿಲಿಗೆ ಬರವೇ? ಇಲ್ಲಿ ಬರ ಇರುವುದು ಹಸಿ ಮಣ್ಣಿಗೆ, ಹುಳು ಹುಪ್ಪಟೆಗೆ. ಎರಡನ್ನೂ ತರುವುದು ಮಳೆ. ಮಳೆಗಾಲ ಆರು ತಿಂಗಳು ಎಳೆಯುವುದರಿಂದ ಒಂದೇ ಸಲಕ್ಕೆ ಎಲ್ಲವನ್ನೂ ಪಣಕ್ಕಿಡುವ ದರ್ದೂ ಇಲ್ಲ. ಹೆಣ್ಣು ಓತಿ ಒಂದೇ ಹಂಗಾಮಿನಲ್ಲಿ ಒಂದಕ್ಕಿಂತ ಹೆಚ್ಚು ಸಲ ತತ್ತಿಯಿಡುತ್ತದೆ, ಒಂದೊಂದು ಸಲಕ್ಕೆ ಸುಮಾರು ಹತ್ತರಿಂದ ಇಪ್ಪತ್ತು. ಪ್ರತಿ ಸಲವೂ ಗಂಡನ್ನು ಹುಡುಕಿಕೊಂಡು ಹೋಗಲೇಬೇಕೆಂದಿಲ್ಲ. ಒಮ್ಮೆ ಪಡೆದ ವೀರ್ಯವನ್ನು ಅಂಡನಾಳದ ಚಿಕ್ಕ ಚೀಲಗಳಲ್ಲಿ ಜೋಪಾನವಾಗಿ ಇಟ್ಟುಕೊಂಡು ಮುಂದೆ ಬಳಸಬಲ್ಲದು. ಆ ಚೀಲಗಳನ್ನು ಸೂಕ್ಷ್ಮದರ್ಶಕದಲ್ಲಿ ಕಂಡು ವಿವರಿಸಿದವರೂ ನಮ್ಮವರೇ, ಮೈಸೂರಿನ ಪ್ರಾಣಿಶಾಸ್ತ್ರಜ್ಞರು.

ಇನ್ನು ಮೈಯ ಅಳತೆಯ ವಿಚಾರ. ಓತಿಕ್ಯಾತದ ಉದ್ದ ಹೇಳುವಾಗ ವಿಜ್ಞಾನಿಗಳು ಬಾಲವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಮೂತಿಯ ತುದಿಯಿಂದ ಗುದದ್ವಾರದವರೆಗೆ ಎಷ್ಟೋ ಅಷ್ಟು. ಮೈಗಿಂತ ಎರಡು ಪಟ್ಟಿಗೂ ಮಿಕ್ಕಿದ ಆ ಬಾಲ ನೋಡಲು ದರ್ಬಾರಿ, ತತ್ತಿಗೆ ಅಲ್ಲಿ ಜಾಗವಿಲ್ಲ. ತತ್ತಿ ಕೂರುವುದು ಪಕ್ಕೆಲುಬಿನ ಕೆಳಗಿನ ಆ ನಾಲ್ಕು ಬೆರಳ ಜಾಗದಲ್ಲಿ. ದಿನ ತುಂಬಿದ ಹೆಣ್ಣನ್ನು ಬೇಲಿಯ ಮೇಲೆ ಹತ್ತಿರದಿಂದ ನೋಡಿದರೆ ಹೊಟ್ಟೆಯ ಎರಡೂ ಬದಿ ಉಬ್ಬಿ, ಚರ್ಮದಡಿ ತತ್ತಿಗಳ ಗುಂಡನೆ ಗುರುತು ಎದ್ದು ಕಾಣುತ್ತದೆ. ಓಟ ನಿಧಾನ, ಮರ ಹತ್ತುವುದೂ ನಿಧಾನ. ಬಂಕಾಪುರ ಕೋಟೆಯ ನವಿಲುಧಾಮದ ಕಡೆ ಇಂಥ ಹೆಣ್ಣು ಕಣ್ಣಿಗೆ ಬಿದ್ದರೆ ನವಿಲಿಗೆ ಊಟಕ್ಕೆ ಹುಡುಕಾಟವೇ ಬೇಡ.

ಧಾರವಾಡದ ಬಿ. ಎ. ಶಾನಭಾಗ, ಆರ್. ಎಸ್. ರಡ್ಡೇರ ಮತ್ತು ಎಸ್. ಕೆ. ಸೈದಾಪುರ ಈ ಹೊಟ್ಟೆಯ ಲೆಕ್ಕವನ್ನೇ ಕೂತು ಬಿಡಿಸಿದರು. ಇವರಲ್ಲಿ ಸೈದಾಪುರ ಅವರು ಕರ್ನಾಟಕ ವಿಶ್ವವಿದ್ಯಾಲಯದ ಕುಲಪತಿಯಾಗಿಯೂ ಕೆಲಸ ಮಾಡಿದವರು. 2000ದಲ್ಲಿ ಅಮೆರಿಕದ ‘ಕೋಪಿಯಾ’ ಪತ್ರಿಕೆಯಲ್ಲಿ ಬಂದ ಅವರ ಬರಹದ ಸಾರ ಹೀಗೆ: ಒಂದು ಸಲ ಇಡುವ ತತ್ತಿಗಳ ಒಟ್ಟು ತೂಕವನ್ನು ನಿರ್ಧರಿಸುವುದು ತಾಯಿಯ ಮೈ. ಆ ತೂಕವನ್ನು ಎಷ್ಟು ತತ್ತಿಗಳಿಗೆ ಹಂಚಬೇಕು, ಒಂದೊಂದು ತತ್ತಿ ಎಷ್ಟು ದೊಡ್ಡದಿರಬೇಕು ಎಂಬುದರ ಮೇಲೆ ಪ್ರಭಾವ ಬೀರುವುದು ಹಂಗಾಮಿನ ಯಾವ ಕಾಲದಲ್ಲಿ ಇಡುತ್ತಿದೆ ಎಂಬುದು. ಸಂತೆಗೆ ಹೊರಟವರ ಕಿಸೆಯಲ್ಲಿ ದುಡ್ಡೆಷ್ಟು ಎಂಬುದು ಮನೆಯಲ್ಲೇ ತೀರ್ಮಾನವಾಗಿರುತ್ತದೆ, ಅದರಲ್ಲಿ ಏನನ್ನು ಎಷ್ಟು ತರಬೇಕೆಂಬುದನ್ನು ಅವತ್ತಿನ ಸಂತೆ ಹೇಳುತ್ತದೆಯಲ್ಲ, ಹಾಗೆ.

ಈ ಮಾತು ಕೇಳಲು ಸರಳ, ಆದರೆ ಅದರಲ್ಲಿ ದೊಡ್ಡದೊಂದು ವಿಷಯ ಅಡಗಿದೆ. ದೊಡ್ಡ ತಾಯಿಗೆ ಹೆಚ್ಚು ಮಕ್ಕಳು ಎಂಬ ಒಂದೇ ಸೂತ್ರದಲ್ಲಿ ಎಲ್ಲವನ್ನೂ ಹೇಳಿ ಮುಗಿಸಲು ಆಗುವುದಿಲ್ಲ ಎಂದಾಯಿತು. ಮೈ ಒಂದು ಮಿತಿ ಹಾಕುತ್ತದೆ, ಹವಾಮಾನ ಆ ಮಿತಿಯೊಳಗೆ ಹಂಚಿಕೆ ಮಾಡುತ್ತದೆ. ದೊಡ್ಡ ತತ್ತಿಯೆಂದರೆ ಹೆಚ್ಚು ಹಳದಿ, ಹೆಚ್ಚು ಬುತ್ತಿ, ಗಟ್ಟಿ ಮರಿ. ಆದರೆ ದೊಡ್ಡದು ಬೇಕೆಂದರೆ ಸಂಖ್ಯೆ ಇಳಿಸಬೇಕು. ಮಳೆಗಾಲದ ನಡುವೆ ಹೊರಬರುವ ಮರಿಗೆ ಹೊಲದ ತುಂಬ ಹುಳು, ಬೆಳೆಯಲು ತಿಂಗಳುಗಟ್ಟಲೆ ಸಮಯ. ಚಿತ್ತಾ ಕಳೆದ ಮೇಲೆ ನೆಲ ಸೀಳಿ ಬರುವ ಮರಿಗೆ ಎದುರಾಗುವುದು ಕಟಾವಾದ ಹೊಲ, ಒಣ ಗಾಳಿ, ಚಳಿ. ಒಂದೇ ತಾಯಿಯ ಮಕ್ಕಳಾದರೂ ಜೂನಿನ ತತ್ತಿಯ ಮರಿಗೂ ಅಕ್ಟೋಬರಿನ ತತ್ತಿಯ ಮರಿಗೂ ಕಾಣುವ ಲೋಕ ಬೇರೆ. ಒಂದು ಗ್ರಾಂ ಕೂಡ ತೂಗದ ಮರಿಗೆ ಇದು ಜೀವನ್ಮರಣದ ವ್ಯತ್ಯಾಸ.

ಎಲ್ಲ ಹಲ್ಲಿಗಳೂ ಹೀಗೆ ಕೂಡಿಸಿ ಕಳೆಯುವುದಿಲ್ಲ. ನಮ್ಮ ಮನೆಯ ಗೋಡೆಯ ಹಲ್ಲಿಯನ್ನೇ ನೋಡಿ. ಎಷ್ಟೇ ದಪ್ಪಗಾಗಲಿ, ಒಂದು ಸಲಕ್ಕೆ ಅದಕ್ಕೆ ಎರಡೇ ತತ್ತಿ. ಅದರ ಸಿಪ್ಪೆ ಸುಣ್ಣದಂತೆ ಗಟ್ಟಿ, ಒಳಗಿನ ನೀರು ಸುಲಭಕ್ಕೆ ಆರುವುದಿಲ್ಲ. ಹಾಗಾಗಿ ಫೋಟೊದ ಹಿಂದೆಯೋ ಬಾಗಿಲ ಸಂದಿಯಲ್ಲೋ ಒಣ ಜಾಗದಲ್ಲಿ ಇಟ್ಟು ಹೋಗುತ್ತದೆ. ರೋಹಿಣಿ, ಮೃಗಶಿರಾದ ಹಂಗು ಅದಕ್ಕಿಲ್ಲ. ತೇಜಸ್ವಿಯವರ ‘ಕರ್ವಾಲೊ’ ಓದಿದವರಿಗೆ ನೆನಪಿರುವ ಹಾರುವ ಓತಿಯದು ಇನ್ನೊಂದು ಕಥೆ. ಮರದಿಂದ ಮರಕ್ಕೆ ತೇಲಬೇಕಾದ ಮೈ, ಹೊಟ್ಟೆ ಭಾರವಾದರೆ ತೇಲುವುದು ಹೇಗೆ? ಅದಕ್ಕೇ ಮೂರ್ನಾಲ್ಕು ತತ್ತಿಗೇ ತೃಪ್ತಿ. ಮಲೆನಾಡಿನ ಅಡಿಕೆ ತೋಟದಲ್ಲಿ ಅದರ ಹೆಣ್ಣು ನೆಲಕ್ಕಿಳಿಯುವ ಮುಖ್ಯ ಕಾರಣವೆಂದರೆ ತತ್ತಿ ಹೂಳುವುದು. ಇತ್ತ ಉಡ ದೊಡ್ಡ ಮೈಯದು, ಬಿಲದಲ್ಲೋ ಹುತ್ತದಲ್ಲೋ ಇಪ್ಪತ್ತು ಮೂವತ್ತರವರೆಗೂ ಇಡುತ್ತದೆ, ಮರಿಯಾಗಲು ತಿಂಗಳುಗಟ್ಟಲೆ ಬೇಕು. ಮೈಯ ಗಾತ್ರ, ಬದುಕುವ ರೀತಿ, ಸಿಪ್ಪೆಯ ಗುಣ ಮೂರೂ ಸೇರಿ ಮಳೆಯ ಜೊತೆ ಒಂದೊಂದು ಜಾತಿಗೆ ಒಂದೊಂದು ಒಪ್ಪಂದ ಮಾಡಿಕೊಟ್ಟಿವೆ.

ಓತಿಕ್ಯಾತದ ಒಪ್ಪಂದದಲ್ಲಿ ಎಲ್ಲಕ್ಕಿಂತ ಬಿಗಿಯಾದ ಷರತ್ತು ಮಣ್ಣಿನ ಹಸಿ. ಅದರ ತತ್ತಿಯ ಸಿಪ್ಪೆ ಚರ್ಮದ ಹಾಗೆ ಮೆತ್ತಗೆ. ಮಣ್ಣಿನಿಂದ ನೀರು ಹೀರಿಕೊಂಡು ದಿನದಿಂದ ದಿನಕ್ಕೆ ಉಬ್ಬುತ್ತ ಹೋಗುತ್ತದೆ. ಹೆಣ್ಣು ಗೂಡು ತೋಡುವುದನ್ನು ನೋಡಬೇಕೆಂದರೆ ಒಳ್ಳೆಯ ಮಳೆ ಬಿದ್ದ ಮರುದಿನ ಬದುವಿನ ಬದಿಗೆ ಕಣ್ಣಿಡಬೇಕು. ಮೊದಲು ಅಲ್ಲಲ್ಲಿ ಕೆದರಿ ನೋಡುತ್ತದೆ. ಜಾಗ ಒಪ್ಪಿಗೆಯಾದರೆ ಮುಂಗಾಲಿನಿಂದ ಮಣ್ಣು ಕೆರೆಯುವುದು, ಹಿಂಗಾಲಿನಿಂದ ಹಿಂದಕ್ಕೆ ತಳ್ಳುವುದು, ನಡುನಡುವೆ ತಲೆಯೆತ್ತಿ ಸುತ್ತ ನೋಡುವುದು. ಮೈ ಅಡಗುವಷ್ಟು ಕುಳಿಯಾದ ಮೇಲೆ ತಿರುಗಿ ಕೂತು ತತ್ತಿಯಿಡುತ್ತದೆ. ಆಮೇಲಿನ ಕೆಲಸವೇ ಸೊಗಸು. ತೆಗೆದ ಮಣ್ಣನ್ನೆಲ್ಲ ಮತ್ತೆ ಎಳೆದು ತುಂಬಿ, ಮೂತಿಯಿಂದ ಕುಟ್ಟಿ ಕುಟ್ಟಿ ಗಟ್ಟಿ ಮಾಡುತ್ತದೆ. ಎದ್ದು ಹೋದ ಮೇಲೆ ಇಲ್ಲಿ ಕುಳಿಯಿತ್ತೆಂದು ಹೇಳಿದರೆ ಯಾರೂ ನಂಬುವುದಿಲ್ಲ. ಅಲ್ಲಿಗೆ ತಾಯಿಯ ಪಾಲಿನ ಕೆಲಸ ಮುಗಿಯಿತು. ತತ್ತಿ ಕಾಯುವುದೂ ಇಲ್ಲ, ಮರಿ ಸಾಕುವುದೂ ಇಲ್ಲ.

ಹೀಗಾಗಿ ಒಂದೇ ಜಿಲ್ಲೆಯ ನಾಲ್ಕು ತಾಲ್ಲೂಕುಗಳಲ್ಲಿ ಈ ಪ್ರಾಣಿಗೆ ನಾಲ್ಕು ಬಗೆಯ ನೆಲ. ಪಡುವಣದ ಹಾನಗಲ್ಲ ಅರೆಮಲೆನಾಡು, ಭತ್ತದ ಗದ್ದೆಯ ಸೀಮೆ. ಅಲ್ಲಿ ಭಯ ಒಣಗುವುದರದ್ದಲ್ಲ, ಮುಳುಗುವುದರದ್ದು. ನೀರು ನಿಂತ ಮಣ್ಣಿನಲ್ಲಿ ತತ್ತಿಗೆ ಉಸಿರು ಸಿಗುವುದಿಲ್ಲ, ಎತ್ತರದ ಬದುವೇ ಗತಿ. ಮೂಡಣಕ್ಕೆ ಸರಿದು ಸವಣೂರು ಮುಟ್ಟುವಷ್ಟರಲ್ಲಿ ಮಳೆ ತೆಳುವಾಗಿ ಎರೆ ಭೂಮಿ ಹರಡಿಕೊಳ್ಳುತ್ತದೆ. ಬೇಸಿಗೆಯಲ್ಲಿ ಬಾಯಿಬಿಟ್ಟ, ಕಲ್ಲಿನಷ್ಟು ಗಟ್ಟಿಯಾದ ಎರೆಯನ್ನು ಓತಿಯ ಉಗುರು ಕೆರೆಯಲಾರದು, ಮಳೆ ಇಳಿದು ಮಣ್ಣು ಸಡಿಲಾಗಲೇಬೇಕು. ಸವಣೂರಿನ ವೀಳ್ಯದೆಲೆ ತೋಟಗಳಂಥ ನೀರಾವರಿ ಜಾಗ ಇದ್ದರೆ ಆ ಮಾತು ಬೇರೆ, ಅಲ್ಲಿ ಮಳೆ ತಡವಾದರೂ ನೆಲ ತಂಪು. ಹಿರೇಕೆರೂರಿನ ಮಸಾರಿ ನೆಲ, ಮದಗ ಮಾಸೂರು ಕೆರೆಯಂಥ ದೊಡ್ಡ ನೀರಿನ ಅಂಚು, ಶಿಗ್ಗಾವಿಯ ಹೆದ್ದಾರಿಯ ಎರಡೂ ಮಗ್ಗುಲಿನ ಹೊಲ, ತೋಪು, ಹೀಗೆ ಒಂದೊಂದರದ್ದು ಒಂದೊಂದು ಹದ. ಬರೀ ಗಾಳಿಯ ಬಿಸಿ ಅಳೆದು ‘ಈ ಜಿಲ್ಲೆಯ ಹವಾಮಾನ ಇಂಥದ್ದು’ ಎಂದು ಬರೆದುಬಿಟ್ಟರೆ ಓತಿಕ್ಯಾತದ ಹವಾಮಾನ ಅದರಲ್ಲಿ ಸಿಗುವುದಿಲ್ಲ. ಅದರ ಹವಾಮಾನ ಇರುವುದು ಗೇಣುದ್ದ ಮಣ್ಣಿನೊಳಗೆ.

ಹಾಗಾದರೆ ಹೊಟ್ಟೆ ತುಂಬಿಕೊಂಡು ಕೂತಾಗ ಮಳೆ ಕೈಕೊಟ್ಟರೆ? ಧಾರವಾಡದ ಅಧ್ಯಯನಗಳಲ್ಲಿ ನನಗೆ ಅತಿ ಬೆರಗಿನದೆನಿಸುವುದು ಇದೇ ಭಾಗ. ಓತಿಕ್ಯಾತದ ಭ್ರೂಣದ ಬೆಳವಣಿಗೆಯನ್ನು ವಿಜ್ಞಾನಿಗಳು 42 ಹಂತಗಳಾಗಿ ವಿಂಗಡಿಸಿದ್ದಾರೆ. ಆ ಪಟ್ಟಿ 1970ರಲ್ಲಿ ತಮಿಳುನಾಡಿನಿಂದ ಬಂದದ್ದು. ಮಾಮೂಲಿಯಾಗಿ ಭ್ರೂಣ ಇನ್ನೂ ಎಳೆಯದಿದ್ದಾಗಲೇ ತಾಯಿ ತತ್ತಿಯನ್ನು ಮಣ್ಣಿಗೆ ಸೇರಿಸಿಬಿಡುತ್ತದೆ. ಮಣ್ಣಿನ ಅನುಕೂಲ ಸಿಗದಿದ್ದರೆ ತತ್ತಿಯನ್ನು ಹೊಟ್ಟೆಯಲ್ಲೇ ಉಳಿಸಿಕೊಳ್ಳುತ್ತದೆ, ಅದೂ ಒಂದೆರಡು ದಿನವಲ್ಲ, ತಿಂಗಳುಗಟ್ಟಲೆ. ಒಳಗಿನ ಭ್ರೂಣ ಅಷ್ಟು ದಿನ ಬೆಳೆಯುತ್ತ ಹೋದರೆ ಹೊಟ್ಟೆಯಲ್ಲೇ ಮರಿಯಾಗಬೇಕಿತ್ತು. ಆಗುವುದಿಲ್ಲ. 34ನೇ ಹಂತಕ್ಕೆ ಬಂದು ಬೆಳವಣಿಗೆ ನಿಂತುಬಿಡುತ್ತದೆ ಎಂದು 1998ರಲ್ಲಿ ರಡ್ಡೇರ, ಶಾನಭಾಗ, ಸೈದಾಪುರ ವರದಿ ಮಾಡಿದರು. ಇದು ಸಾವಲ್ಲ, ಬರೀ ತಡೆ. ಅಂಥ ತತ್ತಿಗೆ ಹದವಾದ ಮಣ್ಣು ಸಿಕ್ಕರೆ ನಿಂತಲ್ಲಿಂದ ಮುಂದಕ್ಕೆ ಬೆಳೆಯುತ್ತದೆ. 2003ರಲ್ಲಿ ಇದೇ ಮೂವರು ಇನ್ನೊಂದು ಎಳೆ ಹಿಡಿದರು: ತತ್ತಿ ಹೊತ್ತು ಕಾಯುವ ತಾಯಿ ತನ್ನ ಮೈಯ ಶಾಖವನ್ನೇ ಇಳಿಸಿಕೊಳ್ಳುತ್ತದೆ, ಆ ತಂಪೇ ಭ್ರೂಣವನ್ನು ನಿದ್ದೆಗೆ ದೂಡುತ್ತದೆ. ಮೈಯ ಬಿಸಿಯನ್ನು ಹೊರಗಿನಿಂದ ಪಡೆಯುವ ಪ್ರಾಣಿಗೆ ಇದು ಕಷ್ಟದ ಕೆಲಸವಲ್ಲ, ಬಿಸಿಲಿಗೆ ಬರುವುದನ್ನು ಕಡಿಮೆ ಮಾಡಿ ನೆರಳು ಹಿಡಿದರಾಯಿತು.

ಇದರ ಮಹತ್ವ ತಿಳಿಯಬೇಕಾದರೆ ಸ್ವಲ್ಪ ದೂರದ ಯುರೋಪಿಗೆ ಹೋಗಬೇಕು. ಅಲ್ಲಿನ ಚಳಿ ಪ್ರದೇಶದಲ್ಲಿ ಮರಿ ಹಾಕುವ ಹಲ್ಲಿಗಳಿವೆ. ಮಣ್ಣು ತಣ್ಣಗಿರುವಾಗ ತತ್ತಿಯನ್ನು ನೆಲಕ್ಕಿಡುವ ಬದಲು ಹೊಟ್ಟೆಯಲ್ಲೇ ಹೊತ್ತು ಬಿಸಿಲಲ್ಲಿ ತಿರುಗಿದರೆ ಭ್ರೂಣ ಬೇಗ ಬೆಳೆಯುತ್ತದೆ, ಹೀಗೆ ಉಳಿಸಿಕೊಳ್ಳುವ ಅವಧಿ ತಲೆತಲಾಂತರಕ್ಕೆ ಹಿಗ್ಗುತ್ತ ಕೊನೆಗೆ ಮರಿಯನ್ನೇ ಹೆರುವ ಗುಣ ಬಂತು ಎಂಬುದು ವಿಜ್ಞಾನಿಗಳ ಒಂದು ಮುಖ್ಯ ವಾದ. ನಮ್ಮ ಓತಿಕ್ಯಾತವೂ ತಿಂಗಳುಗಟ್ಟಲೆ ತತ್ತಿ ಹೊರುತ್ತದೆ, ಆದರೆ ಹಾದಿ ತದ್ವಿರುದ್ಧ. ಶೀತ ದೇಶದ ತಾಯಿ ಬೆಳೆಸಲೆಂದು ಹೊರುತ್ತದೆ, ನಮ್ಮದು ಬೆಳವಣಿಗೆ ತಡೆಯಲೆಂದು ಹೊರುತ್ತದೆ. ಅಲ್ಲಿ ಕಾಯುವುದು ಬಿಸಿಲಿಗೆ, ಇಲ್ಲಿ ಹದಕ್ಕೆ. ತತ್ತಿ ಹೊರುವುದೆಲ್ಲ ಮರಿ ಹೆರುವುದರ ಮೊದಲ ಮೆಟ್ಟಿಲು ಎಂದು ಯಾರಾದರೂ ಹೇಳಿದರೆ, ಬೇಲಿಗೂಟದ ಕಡೆ ಕೈ ತೋರಿಸಬಹುದು.

ಮಣ್ಣು ಸೇರಿದ ಮೇಲೂ ಹವಾಮಾನದ ಕೈವಾಡ ಮುಗಿಯುವುದಿಲ್ಲ. ಹುಟ್ಟುವ ಮರಿ ಗಂಡೋ ಹೆಣ್ಣೋ ಎಂಬುದರಲ್ಲೂ ಮಣ್ಣಿನ ಶಾಖದ ಪಾತ್ರವಿದೆ ಎಂದು 2012ರಲ್ಲಿ ಕರ್ನಾಟಕದ ಸಂಶೋಧಕರಾದ ಲಕ್ಷ್ಮಿ ಇನಾಮದಾರ ದೊಡ್ಡಮನಿ, ವಿ. ವಾಣಿ, ಪಿ. ಬಿ. ಶೇಷಗಿರಿ ಬರೆದರು. ಅವರು ಕಂಡ ಕ್ರಮ ವಿಚಿತ್ರವಾದದ್ದು. ಶಾಖ ಏರುತ್ತ ಹೋದಂತೆ ಮೊದಲು ಹೆಣ್ಣು, ಆಮೇಲೆ ಗಂಡು, ಮತ್ತೆ ಹೆಣ್ಣು, ಮತ್ತೆ ಗಂಡು ಹೆಚ್ಚುತ್ತವೆ. ತತ್ತಿಯ ಗಾತ್ರಕ್ಕೂ ಲಿಂಗಕ್ಕೂ ನಂಟಿರಬಹುದೆಂಬ ಸಂಗತಿಯಂತೂ ಧಾರವಾಡದ ರಡ್ಡೇರ ಮುಂದೆ ಆಸ್ಟ್ರೇಲಿಯಾದ ಸಿಡ್ನಿಗೆ ಹೋದಾಗ ಬಯಲಾಯಿತು. ಅಲ್ಲಿನ ಬೆಟ್ಟದ ಹಾವರಾಣಿ ಜಾತಿಯೊಂದರಲ್ಲಿ ತಂಪಿನಲ್ಲಿ ಇಟ್ಟಾಗ ದೊಡ್ಡ ತತ್ತಿ ಹೆಣ್ಣಾಗುವುದು, ಚಿಕ್ಕದು ಗಂಡಾಗುವುದು ಹೆಚ್ಚು. ದೊಡ್ಡ ತತ್ತಿಯಿಂದ ಸೂಜಿಯಲ್ಲಿ ಹಳದಿ ಹೀರಿ ತೆಗೆದರೆ ಒಳಗಿನ ಹೆಣ್ಣು ಗಂಡಾಗಿ ಹುಟ್ಟುತ್ತದೆ ಎಂದು ಅವರ ತಂಡ 2009ರಲ್ಲಿ ತೋರಿಸಿತು. ಇದು ಅಲ್ಲಿಯ ಪ್ರಾಣಿಯ ಮಾತು, ಓತಿಕ್ಯಾತಕ್ಕೂ ಅನ್ವಯ ಎಂದು ಹೇಳುವುದು ಸಲ್ಲದು. ಆದರೆ ತಾಯಿ ತತ್ತಿಗೆ ಎಷ್ಟು ಹಳದಿ ಕಟ್ಟಿಕೊಡುತ್ತದೆ ಎಂಬುದು ಬರೀ ಗಾತ್ರದ ಪ್ರಶ್ನೆಯಲ್ಲ ಎಂಬುದಂತೂ ಖರೆ.

ಈಗಿನ ಮಳೆಯ ಚೆಲ್ಲಾಟಕ್ಕೆ ಬರೋಣ. 2023 ನೆನಪಿದೆಯಲ್ಲ. ಜೂನ್ ಒಣಗಿತು, ಜುಲೈಯಲ್ಲಿ ಸುರಿಯಿತು, ಆಗಸ್ಟ್ ಅಂತೂ 1901ರಿಂದೀಚೆಗೆ ದೇಶ ಕಂಡ ಅತ್ಯಂತ ಒಣ ಆಗಸ್ಟ್ ಎನಿಸಿತು. ರಾಜ್ಯ ಸರ್ಕಾರ ಕೊನೆಗೆ 223 ತಾಲ್ಲೂಕುಗಳನ್ನು ಬರಪೀಡಿತ ಎಂದು ಸಾರಿತು. ಇಂಥ ವರ್ಷಕ್ಕೆಂದೇ ಓತಿಕ್ಯಾತ ಕಾಯುವ ವಿದ್ಯೆ ಕಲಿತಿದೆ ಎನ್ನಬಹುದು. ಆದರೆ ಆ ವಿದ್ಯೆಗೂ ಬೆಲೆಯಿದೆ. ಮೊದಲ ಸಲದ ತತ್ತಿಯನ್ನು ತಿಂಗಳುಗಟ್ಟಲೆ ಹೊತ್ತ ತಾಯಿಗೆ ಅದೇ ಹಂಗಾಮಿನಲ್ಲಿ ಎರಡನೆಯದಕ್ಕೆ ಸಮಯ ಎಲ್ಲಿದೆ? ಭಾರ ಹೊತ್ತಷ್ಟು ದಿನವೂ ಹದ್ದು, ನವಿಲು, ಹಾವಿನ ಬಾಯಿಗೆ ಹತ್ತಿರ. ಇನ್ನೊಂದು ಪೇಚೂ ಇದೆ. ಮೇ ತಿಂಗಳ ಅಡ್ಡಮಳೆಗೆ ನೆಲ ಹಸಿಯಾದೊಡನೆ ತತ್ತಿ ಹೂತು, ಆಮೇಲೆ ಮೂರು ವಾರ ಬಿಸಿಲು ಬಿದ್ದರೆ, ಮಣ್ಣು ಸೇರಿದ ತತ್ತಿಯನ್ನು ಹೊಟ್ಟೆಗೆ ಮರಳಿ ತೆಗೆದುಕೊಳ್ಳಲು ಆಗುವುದಿಲ್ಲ. ಅಡ್ಡಮಳೆ ನಂಬಿ ಬೀಜ ಹಾಕಿ ಕೈ ಸುಟ್ಟುಕೊಂಡ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಬಿಸಿಲಿನ ಪ್ರಾಣಿಗೆ ಬಿಸಿ ಹೆಚ್ಚಾದರೇನು ಎಂದು ಕೇಳುವವರಿದ್ದಾರೆ. ಮೆಕ್ಸಿಕೊದಲ್ಲಿ ಬಿಸಿಲು ಕಾಯುವ ಹಲ್ಲಿಗಳಿದ್ದ 200 ಜಾಗಗಳನ್ನು ಮತ್ತೆ ಹುಡುಕಿ ನೋಡಿದಾಗ ಶೇಕಡಾ 12ರಷ್ಟು ಕಡೆ ಅವು ಕಾಣೆಯಾಗಿದ್ದವು ಎಂದು ಬ್ಯಾರಿ ಸಿನೆರ್ವೊ ಮತ್ತು ಜೊತೆಗಾರರು 2010ರಲ್ಲಿ ವರದಿ ಮಾಡಿದರು. ಅವು ಸುಟ್ಟು ಸತ್ತದ್ದಲ್ಲ. ಸಂತಾನಕಾಲದಲ್ಲಿ ನೆರಳು ಬಿಟ್ಟು ಹೊರಬರಲಾಗದ ತಾಸುಗಳು ಹೆಚ್ಚಿ, ಹೊಟ್ಟೆಗೆ ಮೇಯುವ ತಾಸುಗಳು ಕಡಿಮೆಯಾದವು. ಮೇಯದ ತಾಯಿಗೆ ಹಳದಿ ಕಟ್ಟಲು ಕೊಬ್ಬಿಲ್ಲ. ಉಷ್ಣವಲಯದ ಹಲ್ಲಿಗಳು ಈಗಾಗಲೇ ತಮ್ಮ ತಾಳಿಕೆಯ ಅಂಚಿನಲ್ಲೇ ಬದುಕುತ್ತಿರುವುದರಿಂದ ಒಂದೆರಡು ಡಿಗ್ರಿಯೂ ಅವಕ್ಕೆ ದೊಡ್ಡದು ಎಂದು ರೇಮಂಡ್ ಹ್ಯೂಯಿ ಮೊದಲಾದವರು ಎಚ್ಚರಿಸುತ್ತ ಬಂದಿದ್ದಾರೆ. ಕಾಡಿನ ನೆರಳಲ್ಲೇ ಇರುವ ಜಾತಿಗಳಿಗೆ ಹೋಲಿಸಿದರೆ ಓತಿಕ್ಯಾತ ಗಟ್ಟಿಪಿಂಡ, ಊರ ಮಧ್ಯೆಯೂ ಬಾಳುತ್ತದೆ. ಅದರ ಭವಿಷ್ಯ ಪೂರ್ತಿ ಕತ್ತಲೆ ಎಂದು ನಾನು ಹೇಳುವುದಿಲ್ಲ. ಆದರೆ ಬಿಸಿಲಿನಿಂದ ತಪ್ಪಿಸಿಕೊಳ್ಳಲು ನೆರಳು, ತತ್ತಿ ಹೂಳಲು ಸಡಿಲ ಹಸಿ ಮಣ್ಣು ಎರಡೂ ಒಟ್ಟಿಗೆ ಸಿಗುವ ಜಾಗ ನಮ್ಮ ಬಯಲಿನಲ್ಲಿ ಒಂದೇ, ಹೊಲದ ಬದು ಮತ್ತು ಬೇಲಿ. ಅದನ್ನೇ ನಾವು ಜೆಸಿಬಿ ತಂದು ಸಪಾಟು ಮಾಡುತ್ತಿದ್ದೇವೆ, ಉಳಿದದ್ದಕ್ಕೆ ಕಳೆನಾಶಕ ಹೊಡೆಯುತ್ತಿದ್ದೇವೆ.

ಆದ್ದರಿಂದ ರೈತಬಂಧುಗಳಲ್ಲಿ ಒಂದು ವಿನಂತಿ. ಬದುವಿನ ಕಸ ಸವರುವುದಿದ್ದರೆ ಅಡ್ಡಮಳೆ ಬೀಳುವ ಮೊದಲೇ ಸವರಿ, ಬೆಂಕಿ ಮಾತ್ರ ಹಚ್ಚಬೇಡಿ. ಕೃತ್ತಿಕಾದಿಂದ ಚಿತ್ತಾವರೆಗೆ ಬದುವಿನ ಮಣ್ಣನ್ನು ಅದರ ಪಾಡಿಗೆ ಬಿಡಿ. ಗುದ್ದಲಿಗೆ ಬಿಳಿ, ಮೆತ್ತನೆಯ ತತ್ತಿಗಳು ಸಿಕ್ಕರೆ ಹಾವಿನದೆಂದು ಹೆದರಿ ಒಡೆಯಬೇಡಿ, ಇದ್ದ ಹಾಗೇ ಹಸಿ ಮಣ್ಣು ಮುಚ್ಚಿ. ಒಂದೂವರೆ ಎರಡು ತಿಂಗಳಲ್ಲಿ ಹೊರಬರುವ ಮರಿ ಮೊದಲ ದಿನದಿಂದಲೇ ನಿಮ್ಮ ಹೊಲದ ಹುಳು ತಿಂದೇ ಬೆಳೆಯುತ್ತದೆ.